ಸೈರನ್ ಕೂಗಿದರೆ ರೊಟ್ಟಿ

ರಾಂಗ್ ಸೈಡಿನಲ್ಲಿ ಗಾಡಿ ಬಂದರೆ ಕ್ಯಾಮೆರಾದಲ್ಲಿ ನೋಡಿ ಸೈರನ್ ಕೂಗಿಸುವ ಮಷೀನು ಇದೆಯಲ್ಲ, ಅದನ್ನು ಹೆದ್ದಾರಿಗೆ ಹಾಕುವ ಪುಣ್ಯದ ಕೆಲಸ ನನ್ನದು. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಹತ್ತಿರ ಒಂದು ಹಾಕಿದ್ದೆ. ಮುಂದೆ ಸರ್ವೀಸಿಗೆ ಹೋದಾಗ ರಸ್ತೆ ಪಕ್ಕದ ಮನೆಯ ಹೆಂಗಸು ಕರೆದು ನೀರು ಕೊಟ್ಟಳು.

“ಭಾಳ ಚಲೋ ಆತ್ರಿ ಸರ. ಅದು ಕೂಗಿದ ಕೂಡ್ಲೆ ರೊಟ್ಟಿ ಹಂಚಿಗೆ ಹಾಕ್ತೀನಿ. ನಮ್ಮ ಮನಿಯೋರು ಬಂದು ಕೈಕಾಲು ತೊಳಕೊಳ್ಳೋದ್ರಾಗ ಬಿಸಿ ರೊಟ್ಟಿ ತಯಾರು.”

ದಿನಾ ಅಲ್ಲಿ ಉಲ್ಟಾ ಬರುತ್ತಿದ್ದವನು ಹೊಲದಿಂದ ಬೈಕಿನಲ್ಲಿ ಮನೆಗೆ ಬರುವ ಅವಳ ಗಂಡನೊಬ್ಬನೇ.

“ಅಕ್ಕಾ, ಅದು ರೊಟ್ಟಿಗಲ್ಲ, ಜೀವಕ್ಕೆ. ಸುತ್ತಿ ಬರೋಕೆ ಹೇಳ್ರಿ,” ಅಂದೆ.

“ಹೊಲ ಇಲ್ಲೇ ಕಾಣಾಕತ್ತೈತಿ ನೋಡ್ರಿ. ಇಷ್ಟಕ್ಕ ಆ ಬ್ರಿಜ್ ತನಕ ಹೋಗಿ ಸುತ್ತಿ ಬರಬೇಕೇನ್ರಿ?” ಅಂತ ನಕ್ಕಳು.

ಡಿವೈಡರಿನಲ್ಲಿ ಹತ್ತಿರ ಎಲ್ಲೂ ತಿರುವು ಬಿಟ್ಟಿರಲಿಲ್ಲ.

ಮುಂದಿನ ಸಲ ಹೋದಾಗ ಆಕೆ ಹೊಸ್ತಿಲ ಮೇಲೆ ಕೂತಿದ್ದಳು.

“ಅವತ್ತೂ ಕೂಗಿತ್ರಿ. ರೊಟ್ಟಿ ಹಾಕಿದೆ. ಹಂಚಿನ ಮ್ಯಾಲೇ ಸೀದು ಕರಕಾತು, ಅವರು ಬರಲಿಲ್ಲ. ಎದುರಿಗೆ ಲಾರಿ ಬಂದಿತ್ತಂತ.” ಆಮೇಲೆ ನನ್ನ ಸೈರನ್ ಕಂಬದ ಕಡೆ ನೋಡಿದಳು. “ಅದು ಕೂಗಿದ್ದು ಲಾರಿಯವಗ ಕೇಳಂಗಿಲ್ಲೇನ್ರಿ?”

ಮಷೀನು ಮುಟ್ಟದೆ ಬ್ಯಾಗ್ ಎತ್ತಿಕೊಂಡು ಬಂದೆ.

ಮೊನ್ನೆ ಆಫೀಸಿನಲ್ಲಿ ಸಾಹೇಬರು ಬೆನ್ನು ತಟ್ಟಿದರು. ಹೊಸಹಳ್ಳಿಯ ಸೈರನ್ ಈಗ ಕೂಗುವುದೇ ಇಲ್ಲವಂತೆ, ಜನ ಸುಧಾರಿಸಿದ್ದಾರಂತೆ.