ಗಿರಿಜಕ್ಕನ ಜೀವಕೋಶ

ಸಂಸೆಯ ಶಾಲೆಯಲ್ಲಿ ಮಕ್ಕಳಿಗೆ ಮೈಕ್ರೋಸ್ಕೋಪ್ ತೋರಿಸಿ ಮುಗಿಸಿದ್ದೆ. ಬಿಸಿಯೂಟ ಮಾಡುವ ಗಿರಿಜಕ್ಕ ಬಂದು, "ನಂಗೂ ಒಂಚೂರು ತೋರಿಸ್ತೀರಾ ಸಾರ್?" ಎಂದರು. ಅವರ ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಸವರಿ, ಅಂಟಿದ್ದನ್ನು ಗಾಜಿನ ಮೇಲೆ ಹಚ್ಚಿ, ನೀಲಿ ಬಣ್ಣ ಹಾಕಿ ತೋರಿಸಿದೆ.

"ಇವೆಲ್ಲ ನನ್ನ ಜೀವಕೋಶನಾ?"

"ನಿಮ್ಮವೇ."

ಗಿರಿಜಕ್ಕ ಮೈಕ್ರೋಸ್ಕೋಪಿನಿಂದ ತುಂಬ ಹೊತ್ತು ಕಣ್ಣು ಕೀಳಲಿಲ್ಲ. "ತಂಗಿಗೆ ಒಂದು ಕಿಡ್ನಿ ಕೊಟ್ಟಿದ್ದೆ. ಅದ್ರಲ್ಲಿರೋವು ಈಗ ಅವಳದ್ದಾ?"

"ಇಲ್ಲ, ಅವು ಇವತ್ತಿಗೂ ನಿಮ್ಮವೇ."

ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾವುದೋ ಮಾತಿಗೆ ಮುನಿಸಿಕೊಂಡು ಅಕ್ಕತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತಂತೆ. ನನ್ನ ಫೋನ್ ಇಸಿದುಕೊಂಡು ತಂಗಿಗೆ ಕರೆ ಮಾಡಿದರು.

"ನಾನು ಕಣೇ. ನನ್ನ ಕಿಡ್ನಿ ಹೇಗಿದೆ?"

ಆ ಕಡೆಯಿಂದ ಅಳು ಕೇಳಿಸಿತು, ಆಮೇಲೆ ನಗು. ಅಷ್ಟರಲ್ಲಿ ನಾನು ಹಿಡಿಯಬೇಕಿದ್ದ ಕಳಸದ ಬಸ್ಸು ಹೊರಟೇ ಹೋಯಿತು. ಫೋನ್ ನನ್ನದೇ ಆದರೂ ವಾಪಸ್ ಕೇಳುವ ಧೈರ್ಯ ನನಗಿರಲಿಲ್ಲ.