ಮಗ್ಗ ನಿಂತರೆ ಹಾರಿಹೋಗುವ ರೇಡಿಯೋ

ಭೀಮನಿಗೆ ಗದೆ, ಅರ್ಜುನನಿಗೆ ಗಾಂಡೀವ. ದೊಡ್ಡಬಳ್ಳಾಪುರದ ಮಗ್ಗದ ಮೇಸ್ತ್ರಿ ಭೀಮರಾಜನಿಗೆ ಇದ್ದದ್ದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು. ತಿರುಗುವಂಥದ್ದು ಯಾವುದೇ ಎದುರಿಗಿರಲಿ, ಆ ಎರಡು ಬೆರಳು ಅದನ್ನು ತಿರುಗಿಸದೆ ಬಿಟ್ಟ ದಾಖಲೆ ಮೂರು ಲೋಕದಲ್ಲೂ ಇಲ್ಲ. ಹೆಣ್ಣು ನೋಡಲು ಹೋದವನು ಟೇಬಲ್ ಫ್ಯಾನಿನ ನಾಬ್ ತಿರುಗಿಸಿ, ಭಾವಿ ಮಾವನ ಮೇಲೆ ತಟ್ಟೆಯ ಖಾರಾಬೂಂದಿಯನ್ನೆಲ್ಲ ಪುಷ್ಪವೃಷ್ಟಿ ಮಾಡಿಸಿದ. ಹುಡುಗಿಯನ್ನು ಕೊಟ್ಟರು; ಫ್ಯಾನನ್ನು ಮಾತ್ರ ಒಳಗಿಟ್ಟರು.

ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ವರ್ಷ ಆ ಬೆರಳುಗಳ ಮಾನ ಪಣಕ್ಕೆ ಬಿತ್ತು. ಭೀಮರಾಜನ ಅಕ್ಕ ಮುತ್ಯಾಲಮ್ಮ ಅದೇ ಮಗ್ಗದ ಶೆಡ್ಡಿನಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುವವಳು. ಬೆಂಗಳೂರಿಗೆ ಹೋಗಿ ರೇಡಿಯೋದವರಿಗೆ ಒಂದು ಸೋಬಾನೆ ಪದ ಹಾಡಿ ಬಂದಿದ್ದಳು. ಅದು ಬುಧವಾರ ಬೆಳಿಗ್ಗೆ ಒಂದೇ ಒಂದು ಸಲ ಬರುವುದಿತ್ತು. ನೂರಾರು ಮದುವೆಗಳಲ್ಲಿ ಹಾಡಿದವಳಿಗೆ ತನ್ನ ದನಿ ಎದುರಿಗೆ ಕೂತವರಿಗೆ ಹೇಗೆ ಕೇಳುತ್ತದೆಂದು ಗೊತ್ತಿರಲಿಲ್ಲ. ಒಮ್ಮೆ ಕೇಳಬೇಕು, ಅಷ್ಟೇ ಆಸೆ.

ಮನೆಯ ರೇಡಿಯೋ ತಮ್ಮನ ಬೆರಳುಗಳಿಗೆ ಎಂದೋ ಬಲಿಯಾಗಿತ್ತು. "ಹೊಸದು ಕಟ್ಕೊಡ್ತೀನಿ ಕಣಕ್ಕ" ಎಂದ.

ಕಟ್ಟಿದ. ಸ್ಟೇಷನ್ ಹಿಡಿಯಲು ಒಂದು ವ್ಯಾರಕ್ಟರ್ ಡಯೋಡ್ ಹಾಕಿದ. ಅಕ್ಕಿಕಾಳಿನಷ್ಟು ಗಾತ್ರದ ಈ ಮಹಾಶಯನ ಸ್ವಭಾವ ಭೀಮರಾಜನದೇ. ವೋಲ್ಟೇಜ್ ಏರಿದಷ್ಟೂ ವಿದ್ಯುತ್ ಹಿಡಿದಿಡುವ ಇವನ ಹೊಟ್ಟೆ ಕುಗ್ಗುತ್ತದೆ. ಆಗ ಸ್ಟೇಷನ್ ಆರಿಸುವ ರೇಡಿಯೋದೊಳಗಿನ ಆಂದೋಲಕ, ಬಿಗಿದ ತಂತಿಯ ಹಾಗೆ, ಮೇಲಿನ ಸ್ವರಕ್ಕೆ ಜಿಗಿಯುತ್ತದೆ. ವೋಲ್ಟೇಜ್ ಇಳಿದರೆ ಹೊಟ್ಟೆ ಹಿಗ್ಗುತ್ತದೆ, ಸ್ವರ ಕುಸಿಯುತ್ತದೆ. ವೋಲ್ಟೇಜ್ ಕದಲದಿದ್ದರೆ ಮಾತ್ರ ಸ್ಟೇಷನ್ ಕದಲದು. ಅದನ್ನು ಕದಲದಂತೆ ಹಿಡಿಯಲೆಂದೇ ರೆಗ್ಯುಲೇಟರ್ ಎಂಬ ಮೂರು ಕಾಲಿನ ಕಾವಲುಗಾರನಿರುತ್ತಾನೆ.

ಮಂಗಳವಾರ, ಮಗ್ಗಗಳು ಖಟಖಟ ಬಡಿಯುತ್ತಿದ್ದಾಗಲೇ, ಶೆಡ್ಡಿನ ಕರೆಂಟಿಗೆ ಸಿಕ್ಕಿಸಿ ಸ್ಟೇಷನ್ ಹಿಡಿದ. ಹಿಡಿದದ್ದೇ ತಡ ಬೆರಳು ಮತ್ತೆ ನಾಬಿನತ್ತ ಹೊರಟಿತು. ತಮ್ಮನನ್ನು ಬಲ್ಲ ಮುತ್ಯಾಲಮ್ಮ ನಾಬ್ ಕಿತ್ತು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಉಳಿದ ಕಡ್ಡಿಯ ಮೇಲೆ ಅರಗು ಕರಗಿಸಿ ಸುರಿದಳು.

"ಇನ್ನು ಬ್ರಹ್ಮ ಬಂದ್ರೂ ತಿರುಗ್ಸಕ್ಕಾಗಲ್ಲ, ಹೋಗೋ."

ಬುಧವಾರ ಶೆಡ್ಡಿನ ತುಂಬ ಜನ. ಮಗ್ಗಗಳ ಗದ್ದಲದ ನಡುವೆ ರೇಡಿಯೋ ತನ್ನ ಪಾಡಿಗೆ ಗೊಣಗುತ್ತಿತ್ತು. ಅದಕ್ಕೆ ಕಿವಿ ಒತ್ತಿ ಕೂತಿದ್ದ ಭೀಮರಾಜ ಕೈ ಎತ್ತಿದ: "ಅಕ್ಕನ ಹೆಸರು ಹೇಳ್ತಾವ್ರೆ."

ಮಾಲೀಕ ಸಂಜೀವಪ್ಪ ಧರ್ಮಾತ್ಮ. "ಎಲ್ಲಾ ಆಫ್ ಮಾಡ್ರಪ್ಪಾ, ಮುತ್ಯಾಲಮ್ಮ ಹಾಡ್ತಾಳೆ" ಎಂದು ಮೋಟಾರುಗಳ ಸ್ವಿಚ್ಚಿಗೆ ಹೋಗಿ ಮಗ್ಗಗಳನ್ನೆಲ್ಲ ನಿಲ್ಲಿಸಿದ. ಅಷ್ಟು ಮೋಟಾರುಗಳು ಒಟ್ಟಿಗೆ ನಿಂತದ್ದೇ, ಅಲ್ಲಿಯವರೆಗೆ ಕುಸಿದಿದ್ದ ವೋಲ್ಟೇಜ್ ಚಿಮ್ಮಿ ಮೇಲೆದ್ದಿತು. ಡಯೋಡಿನ ಹೊಟ್ಟೆ ಕುಗ್ಗಿತು. ರೇಡಿಯೋ ಎಫ್ಎಂ ಪಟ್ಟಿಯ ಎಲ್ಲೆ ದಾಟಿ, ಪಕ್ಕದಲ್ಲೇ ಇರುವ ವಿಮಾನದವರ ತರಂಗಗಳ ಕೇರಿಗೆ ಹೋಗಿ ಬಿತ್ತು. ನಿಶ್ಶಬ್ದ ಶೆಡ್ಡಿನಲ್ಲಿ ಯಾವನೋ ಇಂಗ್ಲಿಷಿನಲ್ಲಿ ಇಳಿಯಲು ಅಪ್ಪಣೆ ಕೇಳಿದ.

"ಲೋ, ಇದ್ಯಾರೋ?" ಎಂದಳು ಮುತ್ಯಾಲಮ್ಮ. "ನನ್ ಪದ ಎಲ್ಲೋಯ್ತೋ?"

ಬೆರಳುಗಳು ನಾಬಿಗೆ ಹಾರಿದವು. ನಾಬಿಲ್ಲ. ಅರಗು ಕೆರೆದವು. ಅರಗು ಕಲ್ಲಾಗಿತ್ತು. ಅಕ್ಕನ ಪದ ಎಲ್ಲೋ ಗಾಳಿಯಲ್ಲಿ ಯಾರೂ ಕೇಳದೆ ಮುಗಿಯುತ್ತಿತ್ತು. ಭೀಮರಾಜ ಒಂದು ಗಳಿಗೆ ನಿಂತಲ್ಲೇ ಕುಣಿದ, ತಟ್ಟನೆ ಹೊಳೆಯಿತು.

"ಅಣ್ಣ, ಮಗ್ಗ ಹಾಕಿ" ಎಂದ ಸಂಜೀವಪ್ಪನಿಗೆ.

"ತಲೆ ಕೆಟ್ಟಿದ್ಯೇನಪ್ಪಾ? ಸದ್ದಲ್ಲಿ ಏನ್ ಕೇಳ್ಸುತ್ತೆ?"

"ನಿಮಗೆ ಕೇಳ್ಸಲ್ಲ, ಬಿಡಿ. ಹಾಕಿ."

ಮಗ್ಗಗಳು ಮತ್ತೆ ಆರ್ಭಟಿಸಿದವು. ವೋಲ್ಟೇಜ್ ಕುಸಿಯಿತು, ವಿಮಾನದವನು ಹೊರಟುಹೋದ. ಭೀಮರಾಜ ರೇಡಿಯೋ ಎತ್ತಿ ಅಕ್ಕನ ಕಿವಿಗೆ ಒತ್ತಿ ಹಿಡಿದ. ಬಂದ ಜನಕ್ಕೆಲ್ಲ ಕೇಳಿದ್ದು ಖಟಖಟ ಒಂದೇ. ಅವರು ನೋಡಿದ್ದು ಮುತ್ಯಾಲಮ್ಮನ ಮುಖವನ್ನು. ಮೊದಲು ಅವಳ ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು, ಆಮೇಲೆ ತುಟಿ ತಾನಾಗಿ ಅಲುಗತೊಡಗಿತು. ರೇಡಿಯೋ ಹಿಡಿದ ಆ ಎರಡು ಬೆರಳು ಜನ್ಮದಲ್ಲಿ ಮೊದಲ ಸಲ ಅಲ್ಲಾಡದೆ ನಿಂತಿದ್ದವು.

ಪದ ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಕೊನೇ ಸಾಲಲ್ಲಿ ಎಳೆದ್ಬಿಟ್ಟಿದೀನಿ ಕಣೋ."

ಸಂಜೆಯೊಳಗೆ ಮಾಕಳಿದುರ್ಗದವರೆಗೂ ಸುದ್ದಿ ಹಬ್ಬಿತು: ದೊಡ್ಡಬಳ್ಳಾಪುರದ ಭೀಮರಾಜ ಮಗ್ಗ ನಿಲ್ಲಿಸಿದರೆ ವಿಮಾನದವನು ಮಾತಾಡುತ್ತಾನಂತೆ, ಮಗ್ಗ ಹಾಕಿದರೆ ಓಡಿಹೋಗುತ್ತಾನಂತೆ. ಪಿಳ್ಳಣ್ಣನ ಟೀ ಅಂಗಡಿಯಲ್ಲಿ ಜನ ಅವನನ್ನು ಸುತ್ತುಗಟ್ಟಿದರು.

"ಗುರು, ಅದ್ಯಾವ ವಿದ್ಯೆ ಅಂತ ನಮಗೂ ಒಸಿ ಹೇಳು" ಎಂದ ಪಿಳ್ಳಣ್ಣ.

ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ ಭೀಮರಾಜ ಅಂಗಿಯ ಜೇಬಿಗೆ ಕೈ ಹಾಕಿ, ಮೂರು ಕಾಲಿನದೊಂದು ಪುಟ್ಟ ಸಾಮಾನನ್ನು ಮೇಜಿನ ಮೇಲಿಟ್ಟ.

"ರೆಗ್ಯುಲೇಟರು ಕಣಣ್ಣ. ಹಾಕೋದು ಮರ್ತೋಗಿತ್ತು."