ಸೂರಿಗೆ ಸಿನಿಮಾ ಬಿಟ್ಟ ಓರಗಿತ್ತಿ

ನಮ್ಮ ಓರಗಿತ್ತಿಯ ಎಡಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಕಿವಿಯ ಕಡೆಯ ಅರ್ಧದಲ್ಲಿ ಕೂದಲೇ ಇರಲಿಲ್ಲ, ನುಣ್ಣಗೆ ಹೊಳೆಯುವ ಚರ್ಮ ಅಷ್ಟೆ. ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಅವರು ಸಹಾಯಕಿಯಾಗಿದ್ದರು. ಯಾರೋ ಹಚ್ಚಿಟ್ಟು ಮರೆತ ಬರ್ನರಿನ ಮೇಲೆ ಬಗ್ಗಿದಾಗ ಆದದ್ದಂತೆ. ಸಿಟ್ಟು ಬಂದರೆ ಉಳಿದ ಅರ್ಧ ಹುಬ್ಬು ಮೇಲೇಳುತ್ತಿತ್ತು. ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅದು ಕೆಳಗಿಳಿದದ್ದನ್ನು ನೋಡಿದ್ದೇ ಕಡಿಮೆ.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಸತ್ತವರ ಬಗ್ಗೆ ಬರೆಯಲು ಕೂತರೆ ಎಲ್ಲರೂ ಜೇನುತುಪ್ಪ ಸುರಿಯುತ್ತಾರೆ. ನನ್ನ ಹತ್ತಿರ ಅಷ್ಟು ಜೇನುತುಪ್ಪ ಇಲ್ಲ. ಅವರು ನಮ್ಮ ಭಾವನ ಹೆಂಡತಿ, ನನ್ನ ಯಜಮಾನರಿಗೆ ಅತ್ತಿಗೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಹತ್ತಿರದ ನಮ್ಮ ಊರಿಗೆ ನಾನು ಬಂದ ಮೂರನೆಯ ದಿನ, ನೆಂಟರೆಲ್ಲ ಇನ್ನೂ ಹಜಾರದಲ್ಲಿ ಕೂತಿದ್ದರು. ಚಟ್ನಿಗೆ ಮಿಕ್ಸಿ ಹಾಕಲು ಹೋದವಳ ಮುಂಗೈಯನ್ನು ಈಯಮ್ಮ ಗಪ್ಪನೆ ಹಿಡಿದುಕೊಂಡರು.

"ಒದ್ದೆ ಕೈಲಿ ಸ್ವಿಚ್ ಮುಟ್ತಾಳೆ. ಎಲ್ಲಿಂದ ಹುಡುಕಿ ತಂದ್ರಿ ಇವಳನ್ನ?"

ನೆಂಟರು ನಕ್ಕರು. ನಾನು ಕೈ ಒರೆಸಿಕೊಂಡೆ. ಅವತ್ತು ಒಳಗೆ ಬಿದ್ದ ಬೀಜ ಆಮೇಲೆ ಹೆಮ್ಮರವಾಯಿತು. ಒಲೆ, ನೀರಿನ ಹಂಡೆ, ನಾನು ಮಡಿಸಿಟ್ಟ ಬಟ್ಟೆ, ಯಾವುದೂ ಅವರ ಬಾಯಿಂದ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಅಣ್ಣತಮ್ಮಂದಿರು ಭಾಗವಾದರು. ಹಜಾರದ ನಟ್ಟನಡುವೆ ಗೋಡೆ ಎದ್ದಿತು. ಪೂರ್ವದ ಕಡೆ ಅವರು, ಪಶ್ಚಿಮದ ಕಡೆ ನಾವು. ಹಿತ್ತಿಲು ಮಾತ್ರ ಇಬ್ಬರಿಗೂ ಸೇರಿದ್ದು, ಅದರಲ್ಲಿ ಒಂದು ನಲ್ಲಿ, ಒಂದು ಕರಿಬೇವಿನ ಗಿಡ.

ಗೋಡೆ ಎದ್ದ ಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಹೇಳಲೇಬೇಕಾದದ್ದಿದ್ದರೆ ಅವರು ಕರಿಬೇವಿಗೆ ಹೇಳುತ್ತಿದ್ದರು. "ನಲ್ಲಿ ನಿಲ್ಸೋಕೂ ಬರಲ್ವಲ್ಲೇ ಕರಿಬೇವೇ, ಕೈಗೇನು ಗೆದ್ದಲು ಹಿಡಿದೈತಾ?" ನಾನೂ ಬಿಡುತ್ತಿರಲಿಲ್ಲ. ಅದೇ ಗಿಡದ ಮುಂದೆ ನಿಂತು, "ಕೆಲವರಿಗೆ ನಾಲಿಗೆಗೆ ಮೂಳೆ ಇಲ್ಲ ಕಣೇ" ಅನ್ನುತ್ತಿದ್ದೆ. ಹತ್ತು ವರ್ಷ ನಮ್ಮಿಬ್ಬರ ಬೈಗುಳ ಕೇಳಿದರೂ ಆ ಗಿಡ ಚೆನ್ನಾಗಿಯೇ ಚಿಗುರುತ್ತಿತ್ತು.

ಹೀಗಿರುವಾಗ ನನ್ನ ಯಜಮಾನರು ಫ್ಯಾಕ್ಟರಿ ಕೆಲಸ ಮುಗಿಸಿ ಬರುತ್ತಿದ್ದವರು ದೊಡ್ಡಬೆಳವಂಗಲದ ರಸ್ತೆಯಲ್ಲಿ ಗಾಡಿಯಿಂದ ಬಿದ್ದರು. ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಮೂರು ತಿಂಗಳು ಅಂಗಾತ ಮಲಗಿರಬೇಕು, ದಿಂಬು ಕೂಡದು, ಏಳುವಂತಿಲ್ಲ ಎಂದರು ಡಾಕ್ಟರು. ಮನೆಗೆ ಬಂದ ಎರಡನೇ ವಾರಕ್ಕೆ ಇವರು ಸೂರು ನೋಡಿ ನೋಡಿ ಹುಚ್ಚು ಹಿಡಿದವರಂತಾದರು. ಊಟ ಬಿಟ್ಟರು. ಎರಡು ಸಲ ಯಾರೂ ಇಲ್ಲದಾಗ ಏಳಲು ಹೋಗಿ ಬೆವರಿ ಬಿದ್ದುಕೊಂಡಿದ್ದರು. ವಿಷಯ ತಿಳಿದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಇನ್ನೊಂದ್ಸಲ ಎದ್ರೆ ಕಾಲಿಗೆ ನಾನು ಗ್ಯಾರಂಟಿ ಕೊಡಲ್ಲಮ್ಮ."

ಸೂರಿನ ಮೇಲೇ ಏನಾದರೂ ತೋರಿಸಿದರೆ ಮಲಗಿರುತ್ತಾರೆ ಎಂದು ನನ್ನ ತಮ್ಮ ಬೆಂಗಳೂರಿನ ಯಾವುದೋ ಆಫೀಸಿನವರು ತೆಗೆದುಹಾಕಿದ್ದ ಹಳೆ ಪ್ರೊಜೆಕ್ಟರು ತಂದು, ಮೊಬೈಲಿನಿಂದ ಸಿನಿಮಾ ಹಾಕುವುದು ತೋರಿಸಿಕೊಟ್ಟು ಹೋದ. ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡಬೇಡವೇ? ಕುಂಕುಮ ಇಡಲು ಅದರ ಹಣೆ ಯಾವುದೆಂದು ಹುಡುಕಿದೆ. ಮುಂದಿನ ಗುಂಡನೆಯ ಗಾಜೇ ಹಣೆ ಅನಿಸಿತು. ಪಕ್ಕದ ಜಾಲರಿಯ ಸುತ್ತ ಸೇವಂತಿಗೆ ಸರ ಸುತ್ತಿದೆ. ಬೆಳಕು ಮೇಲಕ್ಕೆ ಹೋಗಬೇಕಲ್ಲ, ಅದಕ್ಕೆ ಮಿಷಿನನ್ನೇ ಯಜಮಾನರ ಪಕ್ಕದಲ್ಲಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಆಚೀಚೆ ಕೌದಿ ಒತ್ತರಿಸಿ ನಿಲ್ಲಿಸಿದೆ. ಸೂರಿನ ಮೇಲೆ ಸಿನಿಮಾ ಬಂತು. ಮಧ್ಯದಲ್ಲಿ ನನ್ನ ಕುಂಕುಮದ ಕೆಂಪು ಮಚ್ಚೆ.

"ಹೊತ್ತು ಮುಳುಗೋ ಹಂಗೈತೆ," ಎಂದು ಯಜಮಾನರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರು. ಆ ನಗು ನೋಡಿ ನನಗೆ ಕಣ್ಣು ತುಂಬಿತು.

ಸಂಜೆ ಡೇರಿಗೆ ಹಾಲು ಹಾಕಲು ಹೊರಟೆ. ಹೊರಡುವಾಗ ಮಿಷಿನಿನ ತಲೆಯ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಪೂಜೆ ಮಾಡಿದ್ದಕ್ಕೆ ಎಷ್ಟು ಲಕ್ಷಣವಾಗಿ ಕಾಣುತ್ತಿದೆ ಅಂದುಕೊಂಡೆ. ನಾನು ಹಾಗೆ ಅಂದುಕೊಂಡದ್ದು ನಿಜ. ಬೀದಿ ನಾಯಿ ನುಗ್ಗದಿರಲೆಂದು ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋದೆ.

ಮುಂದಿನದು ಯಜಮಾನರು ಹೇಳಿ ಗೊತ್ತಾದದ್ದು. ಕೌದಿಯೊಳಗೆ ಹೂತಿದ್ದ ಮಿಷಿನು ಕಾದು ಕೆಂಡವಾಗಿತ್ತು. ಹತ್ತಿ ಕಮರಿ ಹೊಗೆ ಏಳತೊಡಗಿತು. ಕಿವಿಯ ಪಕ್ಕದಲ್ಲೇ ಹೊಗೆ. ಕೂಗಿದರು. ಕೆಮ್ಮಿದರು. ಇನ್ನು ಏಳದೆ ವಿಧಿಯಿಲ್ಲವೆಂದು ಮೊಣಕೈ ಊರಿದರು. ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಓರಗಿತ್ತಿ ಒಳಗೆ ಬಂದಿದ್ದರು. ಮೊದಲು ಗೋಡೆಯ ಸ್ವಿಚ್ಚು ಆರಿಸಿದರು. ಆಮೇಲೆ ಎಡಗೈಯನ್ನು ಮೈದುನನ ಎದೆಯ ಮೇಲಿಟ್ಟು ಅಮುಕಿ ಹಿಡಿದು, ಬಲಗೈಯಿಂದ ಹೊಗೆಯಾಡುವ ಕೌದಿ, ಮಿಷಿನು ಎಲ್ಲವನ್ನೂ ನೆಲಕ್ಕೆಳೆದರು.

"ಏಳ್ಬ್ಯಾಡ. ನೀನು ಎದ್ರೆ ನಾನು ಬಂದಿದ್ದೂ ದಂಡ ಕಣೋ. ಮಲ್ಕೋ."

ನಾನು ಹಾಲಿನ ಕ್ಯಾನು ಹಿಡಿದು ಬರುವಾಗ ಅರ್ಧ ಬೀದಿ ನಮ್ಮ ಹಿತ್ತಿಲಲ್ಲಿತ್ತು. ನೀರು ಹೊಯ್ದ ಕೌದಿ ನಲ್ಲಿಯ ಕೆಳಗೆ ಬಿದ್ದಿತ್ತು. ಓರಗಿತ್ತಿಯ ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹತ್ತು ವರ್ಷದ ಮೇಲೆ ಅವರು ನೇರ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು:

"ಬಂದ್ಯಾ? ಗಂಡನ್ನ ಒಲೆ ಮೇಲಿಟ್ಟು ಹಾಲಿಗೆ ಹೋಗಿದ್ಯಾ?"

ಯಜಮಾನರು ಉಳಿದರಲ್ಲ ಎಂಬ ಸಮಾಧಾನ ನನಗೆ ಮೊದಲು ಬರಬೇಕಿತ್ತು. ಬಂದದ್ದು ಅವಮಾನ. ಅಷ್ಟು ಜನರ ಎದುರು, ಆ ಅರ್ಧ ಹುಬ್ಬಿನ ಕೆಳಗೆ, ಭೂಮಿ ಬಾಯಿ ಬಿಡಬಾರದೇ ಅನಿಸಿತು. ಒಳಗೆ ಹೋಗಿ ಯಜಮಾನರ ಕೈ ಹಿಡಿದುಕೊಂಡು ಅತ್ತೆ. ಅತ್ತದ್ದರಲ್ಲಿ ಅರ್ಧ ಭಯ, ಅರ್ಧ ಆಯಮ್ಮನ ಮೇಲಿನ ಸಿಟ್ಟು.

ಮಿಷಿನು ಮಾರಿಬಿಡುತ್ತೇನೆ ಅಂದೆ. ಯಜಮಾನರು ಮುಖ ಗೋಡೆಗೆ ತಿರುಗಿಸಿದರು. ಮಾರನೆಯ ದಿನ ತಿಂಡಿ ಮುಟ್ಟಲಿಲ್ಲ. ಆಗ ಓರಗಿತ್ತಿ ಮುಂಬಾಗಿಲಿನಿಂದಲೇ ಬಂದರು, ಕಂಕುಳಲ್ಲಿ ಒಂದು ಕನ್ನಡಿ. ನಮ್ಮ ಅತ್ತೆಯವರ ಕನ್ನಡಿ ಅದು, ಭಾಗವಾಗುವಾಗ ನಾನು ಬೇಕೆಂದು ಕೇಳಿ ಸೋತದ್ದು. ಬೊಬ್ಬೆ ಕೈಗೆ ಬಟ್ಟೆ ಸುತ್ತಿತ್ತು.

"ಮಿಷಿನ್ ಎಲ್ಲಿ?"

ತೋರಿಸಿದೆ. ಪುಣ್ಯಕ್ಕೆ ಅದು ಸುಟ್ಟಿರಲಿಲ್ಲ, ಕಾವು ಹೆಚ್ಚಿ ತಾನೇ ಆರಿತ್ತು. ನಾನು ಕಂಡ ಕೆಂಪು ದೀಪ ಆ ಕಾವಿನ ಎಚ್ಚರಿಕೆಯಂತೆ. ಅವರ ಶಾಲೆಯಲ್ಲಿ ಮೂರು ಕ್ಲಾಸಿಗೆ ಇಂಥದೇ ಪ್ರೊಜೆಕ್ಟರುಗಳಿದ್ದು, ಬಲ್ಬು ಬದಲಿಸುವುದರಿಂದ ಹಿಡಿದು ಎಲ್ಲ ಅವರದೇ ಜವಾಬ್ದಾರಿಯಂತೆ. ಪಕ್ಕದ ಮುಚ್ಚಳ ತೆಗೆದು ಜಾಲರಿ ಕೊಡವಿದರು. ರಾಗಿ ಹಿಟ್ಟಿನ ಹಾಗೆ ಧೂಳು ಉದುರಿತು. ಕನ್ನಡಕ ಒರೆಸುವ ಬಟ್ಟೆಯಿಂದ ಗಾಜಿನ ಕುಂಕುಮ ತೆಗೆಯುತ್ತ ಅಂದರು: "ಇದು ಕಣ್ಣು. ನಿನ್ನ ಕಣ್ಣಿಗೆ ಕುಂಕುಮ ಇಟ್ಕೋತೀಯಾ?"

ಇಂಥ ಬಲ್ಬಿನ ಮಿಷಿನನ್ನು ಅಂಗಾತ ಮಲಗಿಸಬಾರದಂತೆ. ಕೋಣೆಯ ಆ ತುದಿಯಲ್ಲಿ ಸ್ಟೂಲು ಇಟ್ಟು, ಅದರ ಮೇಲೆ ಮಿಷಿನನ್ನು ನೆಟ್ಟಗೆ ಕೂರಿಸಿದರು. ಸುತ್ತ ಒಂದು ಗೇಣು ಬಿಡಲು ಕೈಯಿಂದ ಅಳೆದರು. "ಉಸಿರಾಡೋ ವಸ್ತು ಇದು. ಮೂಗು ಮುಚ್ಚಿದ್ರೆ ಸಾಯ್ತದೆ, ಸಾಯೋವಾಗ ನಿನ್ನನ್ನೂ ಕರ್ಕೊಂಡೋಗ್ತದೆ." ಮುಂದೆ ಇನ್ನೊಂದು ಸ್ಟೂಲಿನ ಮೇಲೆ ಕನ್ನಡಿಯನ್ನು ಓರೆಯಾಗಿ, ಅದರ ಬೆನ್ನು ಮಂಚದ ಕಡೆಗಿರುವಂತೆ ನಿಲ್ಲಿಸಿದರು. ಜಾರಿದರೆ ಬೆಳಕು ಮಲಗಿದವರ ಕಣ್ಣಿಗೇ ಹೊಡೆಯುತ್ತದೆಂದು ಹಗ್ಗದಿಂದ ಕಿಟಕಿ ಸರಳಿಗೆ ಬಿಗಿದು ಕಟ್ಟಿದರು. ಬೆಳಕು ಕನ್ನಡಿಗೆ ತಾಗಿ ಸೂರಿಗೆ ಹೋಯಿತು. ಅಕ್ಷರಗಳೆಲ್ಲ ಉಲ್ಟಾ. ನಾನು ಒಳಗೊಳಗೇ ಖುಷಿಪಟ್ಟೆ, ಸೋತರಲ್ಲ ಎಂದು. ಆಯಮ್ಮ ಎರಡು ಬಟನ್ ಒತ್ತಿ ಅಕ್ಷರಗಳನ್ನು ನೆಟ್ಟಗೆ ಮಾಡಿದರು.

ಅವತ್ತಿನಿಂದ ದಿನಾ ಶಾಲೆ ಮುಗಿಸಿ ಬಂದು ಹಾಜರು. ನಾನು ಕರೆಯಲಿಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಿರಲಿಲ್ಲ, ಕೊಡದಿದ್ದರೆ ಹಿತ್ತಿಲಲ್ಲಿ ಕರಿಬೇವಿಗೆ ದೂರು. ನಲವತ್ತು ದಾಟಿದ ನನ್ನನ್ನು ಎದುರು ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

"ಆರಿಸೋದು ಹೆಂಗೆ? ಹೇಳು."

"ರಿಮೋಟಲ್ಲಿ ಆಫ್ ಮಾಡ್ಬೇಕು. ಒಳಗಿನ ಫ್ಯಾನ್ ನಿಲ್ಲೋಗಂಟ ಪ್ಲಗ್ ಕೀಳ್ಬಾರ್ದು."

"ಕರೆಂಟ್ ಹೋಗಿ ಪಟ್ ಅಂತ ಬಂದ್ರೆ?"

"ತಕ್ಷಣ ಹಾಕ್ಬಾರ್ದು. ತಣ್ಣಗಾಗಕ್ಕೆ ಬಿಡ್ಬೇಕು."

"ಮುಟ್ಟಿ ನೋಡೋದು?"

"ಹಿಂಗೈಲಿ, ಅಂಗೈಲಿ ಅಲ್ಲ."

"ಹ್ಞೂಂ. ದೇವರು ಬುದ್ಧಿ ಕೊಟ್ಟವ್ನೆ, ಬಳಸಿದ್ರೆ ಸವೆಯಲ್ಲ."

ಯಜಮಾನರು ಮಂಚದಿಂದ ಇದನ್ನೆಲ್ಲ ಕೇಳಿ ನಗುವುದು ಬೇರೆ. ಕಬಡ್ಡಿ, ಹಳೆ ಸಿನಿಮಾ, ಯಾರೋ ಹೊಲ ಉಳುವ ವಿಡಿಯೊ, ಏನು ಹಾಕಿದರೂ ಅಲ್ಲಾಡದೆ ನೋಡುತ್ತಿದ್ದರು. ಊಟ ಸೇರತೊಡಗಿತು. ಅದಕ್ಕಾಗಿ ನಾನು ಹಲ್ಲು ಕಚ್ಚಿ ಪಾಠ ಒಪ್ಪಿಸುತ್ತಿದ್ದೆ.

ಎರಡನೇ ತಿಂಗಳಲ್ಲಿ ನನ್ನ ತಾಯಿ ಅಳಿಯನನ್ನು ನೋಡಲು ಬಂದರು. ಹೆಂಗಸರಿಗೆ ಕನ್ನಡಿ ಕಂಡರೆ ಕೈ ಹಣೆಗೆ ಹೋಗುತ್ತದೆ. ಅಮ್ಮ ಕುಂಕುಮ ಸರಿಮಾಡಿಕೊಳ್ಳಲು ಮಿಷಿನಿನ ಬೆಳಕಿಗೆ ಉರಿಯುತ್ತಿದ್ದ ಆ ಕನ್ನಡಿಯ ಮೇಲೆ ಬಗ್ಗಿದರು. ಓರಗಿತ್ತಿ ಎಲ್ಲಿದ್ದರೋ, ಒಂದೇ ನೆಗೆತಕ್ಕೆ ಬಂದು ಅಮ್ಮನ ಭುಜಕ್ಕೆ ಕೈಹಾಕಿ ಹಿಂದಕ್ಕೆ ತಳ್ಳಿದರು. ಅಮ್ಮ ಪೊತ್ತನೆ ನೆಲದ ಮೇಲೆ ಕೂತರು.

"ನಮ್ಮಮ್ಮನ ಮೇಲೇ ಕೈ ಮಾಡ್ತೀರಾ?" ಅಂದೆ.

"ಕಣ್ಣು ಹೋಗೋಕಿಂತ ಮಾನ ಹೋಗ್ಲಿ ಬಿಡು. ಈ ಬೆಳಕಿಗೆ ಬೆನ್ನು ಕೊಡ್ಬೇಕು, ಕಣ್ಣು ಕೊಡ್ಬಾರ್ದು ಅಂತ ಎಷ್ಟ್ ಸಲ ಹೇಳಿವ್ನಿ? ಬಂದೋರಿಗೆ ಹೇಳೋದು ಯಾರ ಕೆಲ್ಸ?"

"ಇನ್ಮೇಲೆ ನಮ್ಮನೆಗೆ ಬರ್ಬೇಡಿ."

"ನಿನ್ನ ನೋಡಕ್ಕೆ ಯಾವಳು ಬರ್ತಾಳೆ?"

ಅಮ್ಮ ಮುಖ ಸಣ್ಣ ಮಾಡಿಕೊಂಡು ಅವತ್ತೇ ಬಸ್ಸು ಹತ್ತಿದರು. ಓರಗಿತ್ತಿ ಮಾರನೆಯ ದಿನವೂ ಬಂದರು. ರಂಗೋಲಿ ಪುಡಿಯಿಂದ ಕನ್ನಡಿಯ ಸುತ್ತ ಒಂದು ಗೆರೆ ಎಳೆದರು. ನನ್ನೊಡನೆ ಮಾತಿಲ್ಲ, ಈ ಸಲ ಪ್ರೊಜೆಕ್ಟರಿನ ಜೊತೆ ಮಾತು: "ನೋಡಪ್ಪ, ಈ ಗೆರೆ ದಾಟಿ ಯಾರೂ ಬರಂಗಿಲ್ಲ ಅಂತ ಈ ಮನೆ ಯಜಮಾನಿಗೆ ಹೇಳು." ನಾನೂ ಪ್ರೊಜೆಕ್ಟರಿಗೇ ಉತ್ತರ ಕೊಟ್ಟೆ. ಆ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಮೂರು ತಿಂಗಳು ತುಂಬಿ ಹನ್ನೆರಡು ದಿನಕ್ಕೆ ಡಾಕ್ಟರು ಬೆಲ್ಟು ಕಟ್ಟಿ ಯಜಮಾನರನ್ನು ನಿಲ್ಲಿಸಿದರು. ಮನೆಗೆ ಬಂದು ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆದರು. ನಾನು ದೇವರ ಮನೆಯಲ್ಲಿ ಕೂತು ಮನಸಾರೆ ಅತ್ತೆ. ಗೋಡೆಯಾಚೆ ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲು ಸೆರಗು ಸರಿಮಾಡಿಕೊಂಡು ಹಿತ್ತಿಲಿಗೆ ಹೋದೆ. ನನ್ನನ್ನು ಕಂಡದ್ದೇ ತಡ, ಅವರು ಗಿಡದ ಕಡೆ ತಿರುಗಿದರು. "ಕೆಲ್ಸ ಆದ್ಮೇಲೆ ಇನ್ನೊಬ್ಬರ ಕನ್ನಡಿ ವಾಪಸ್ ಕೊಡ್ಬೇಕು ಅನ್ನೋ ಜ್ಞಾನ ಬ್ಯಾಡ್ವೇನೇ ಕರಿಬೇವೇ?" ಕನ್ನಡಿ ತಂದು ನಲ್ಲಿಯ ಕಟ್ಟೆಗೆ ಒರಗಿಸಿ, ತಿರುಗಿ ನೋಡದೆ ಒಳಗೆ ಬಂದೆ.

ಆಮೇಲೆ ಎರಡು ವರ್ಷ ಬದುಕಿದ್ದರು. ಊರಲ್ಲಿ ಯಾವ ಮದುವೆ, ಯಾವ ನಾಮಕರಣ ಆದರೂ "ಗಂಡನ್ನ ಒಲೆ ಮೇಲಿಟ್ಟೋಳು" ಎಂಬ ಕತೆ ಹೇಳದೆ ಎಲೆ ಮುಂದಿನಿಂದ ಏಳುತ್ತಿರಲಿಲ್ಲ. ಕತೆ ಸುಳ್ಳಾಗಿದ್ದರೆ ಜಗಳಕ್ಕೆ ಹೋಗಬಹುದಿತ್ತು. ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯುತ್ತಿತ್ತು.

ಹೋದ ವರ್ಷ ಐದು ದಿನ ಜ್ವರ ಬಂದು ಆಸ್ಪತ್ರೆಯಲ್ಲೇ ತೀರಿಕೊಂಡರು. ಹೆಣ ಮನೆಗೆ ಬಂತು. ನಾನು ಗೋಡೆಯಾಚೆಗೆ ಹೋಗಿ ನೆಂಟರಿಗೆ ನೀರು ಕೊಟ್ಟೆ, ಮಾಡಬೇಕಾದ್ದೆಲ್ಲ ಮಾಡಿದೆ. ಕಣ್ಣೀರು ಬರಲಿಲ್ಲ. ಬರಿಸಿಕೊಳ್ಳಲೂ ಇಲ್ಲ. ಚಟ್ಟ ಎತ್ತುವ ಹೊತ್ತಿಗೆ ಯಜಮಾನರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮುಂದೆ ಬಂದರು. ಭಾರ ಹೊರಬಾರದೆಂದು ಡಾಕ್ಟರು ಹೇಳಿದ್ದು ಇನ್ನೂ ಜಾರಿಯಲ್ಲಿತ್ತು. ನಾನು ಅವರ ತೋಳು ಹಿಡಿದೆ.

"ಇವತ್ತು ಬ್ಯಾಡ ಅನ್ಬೇಡ," ಅಂದರು.

ಕೈ ಬಿಟ್ಟೆ.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಊರಾಚೆಯ ಹುಣಸೆಮರದ ತನಕ ಹೋಗಿ ನಿಂತೆ. ಅಲ್ಲಿಂದ ಮುಂದೆ ಕೆರೆಯ ಏರಿ, ಹತ್ತುವಾಗ ಗಟ್ಟಿಮುಟ್ಟಾದವರಿಗೂ ಏದುಸಿರು ಬರುತ್ತದೆ. ನಾನು ಚಟ್ಟ ನೋಡಲಿಲ್ಲ. ಯಜಮಾನರ ಕಾಲನ್ನೇ ನೋಡುತ್ತಿದ್ದೆ. ಏರಿಯ ಬುಡದಲ್ಲಿ ಹೆಗಲು ಬದಲಿಸಲು ಯಾರೋ ಬಂದರು, ಇವರು ಕೊಡಲಿಲ್ಲ. ಒಂದೊಂದೇ ಹೆಜ್ಜೆ ಊರಿ ಹತ್ತಿದರು. ಮೇಲೆ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡು, ಅತ್ತಿಗೆಯನ್ನು ಹೊತ್ತು ಆಚೆ ಇಳಿದರು.